ಸರಾಸರಿಯಮ್ಮನ ಮನೆ

ಸಾವಿರದ ನೂರ ನಲವತ್ತು ಹೆಂಗಸರ ಮೊಣಕೈ ಮುಟ್ಟಿ ನೋಡಿದವಳು ನಾನು. ಹುಚ್ಚಲ್ಲ, ನನ್ನ ನೌಕರಿಯೇ ಅದು. ಆಗ ಕೊಶಿತ್ಸೆ ಪಟ್ಟಣದಲ್ಲಿ ಗೃಹಬಳಕೆ ವಸ್ತುಗಳ ಸಂಸ್ಥೆ ಎಂದು ಒಂದಿತ್ತು. ಅಡುಗೆಕಟ್ಟೆ ನೆಲದಿಂದ ಎಷ್ಟು ಎತ್ತರ ಇರಬೇಕು, ಕೆಟಲಿನ ಹಿಡಿ ಎಷ್ಟು ದಪ್ಪ, ಕುರ್ಚಿ ಎಷ್ಟು ಅಗಲ, ಬಚ್ಚಲಿನ ಕನ್ನಡಿಗೆ ಮೊಳೆ ಎಲ್ಲಿ ಹೊಡೆಯಬೇಕು, ಇವನ್ನೆಲ್ಲ ಹೇಳುವ ಪಟ್ಟಿ ಅಲ್ಲಿ ತಯಾರಾಗುತ್ತಿತ್ತು. ದೇಶದ ಕಾರ್ಖಾನೆಗಳೆಲ್ಲ ಆ ಪಟ್ಟಿ ಹಿಡಿದುಕೊಂಡೇ ಸಾಮಾನು ಮಾಡಬೇಕು. ಅದಕ್ಕೆ ಮೊದಲು ಒಂದೊಂದು ಕಾರ್ಖಾನೆಯೂ ತನ್ನ ಮೇಸ್ತ್ರಿಯ ಹೆಂಡತಿ ಎಷ್ಟುದ್ದವೋ ಅಷ್ಟಕ್ಕೆ ಮಾಡುತ್ತಿತ್ತು. ಹಾಗಾಗಿ ಒಂದು ಊರಿನ ಕುರ್ಚಿ ಇನ್ನೊಂದು ಊರಿನ ಮೇಜಿನಡಿ ನುಗ್ಗುತ್ತಿರಲಿಲ್ಲ.

ನಮ್ಮ ಮೇಲಧಿಕಾರಿ ಎಂಜಿನಿಯರ್ ಬ್ಲಾಜೇಯ್. ಬಾಯಿ ಬಿಟ್ಟರೆ ತಮಾಷೆ. ನನ್ನನ್ನು ‘ಏ ಟೇಪು’ ಎಂದೇ ಕರೆಯುತ್ತಿದ್ದ. ನಾನು ಸಿಟ್ಟಾದಂತೆ ನಟಿಸುತ್ತಿದ್ದೆ, ಅವನು ಹೆದರಿದಂತೆ ನಟಿಸುತ್ತಿದ್ದ. ಸಂಸ್ಥೆಯಲ್ಲಿ ಒಂಬತ್ತು ವರ್ಷ ಹೀಗೇ ನಡೆದಿತ್ತು.

ಹೆಂಗಸರ ಅಳತೆ ಶುರುವಾದದ್ದು ಫೆಬ್ರವರಿಯಲ್ಲಿ, ಸಂಸ್ಥೆಯ ಕೆಳಗಿನ ಹಜಾರದಲ್ಲಿ. ಅಲ್ಲಿ ಕಲ್ಲಿನ ನೆಲ. ಅಳತೆ ಕೊಡುವವರು ಬರಿಗಾಲಲ್ಲಿ ನಿಲ್ಲಬೇಕು ಎಂದು ಸಂಸ್ಥೆಯ ನಿಯಮಗಳ ಪುಸ್ತಕದಲ್ಲಿ ದಪ್ಪಕ್ಷರದಲ್ಲಿತ್ತು. ಮೊದಲ ದಿನ ಮೊದಲು ಬಂದವಳು ಬ್ರೆಡ್ ಅಂಗಡಿಯ ಹೆಂಗಸು. ಬೂಟು ಬಿಚ್ಚಿದಳು, ನೆಲ ನೋಡಿದಳು, ಮತ್ತೆ ಬೂಟು ಹಾಕಿಕೊಂಡಳು.

“ಈ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲಬೇಕಾ? ಕಿಡ್ನಿಗೆ ಶೀತ ಹಿಡಿದ್ರೆ ನಿಮ್ಮ ಸಂಸ್ಥೆಯವರು ಬಂದು ಆರೈಕೆ ಮಾಡ್ತೀರಾ?”

“ಒಂದೇ ನಿಮಿಷ ಅಮ್ಮ,” ಎಂದೆ.

“ಶೀತ ಹಿಡಿಯೋಕೆ ಒಂದು ನಿಮಿಷ ಸಾಲದಾ? ಅದಿರಲಿ, ಮನೆಗೆ ಬಂದೋರಿಗೆ ಒಂದು ಜೊತೆ ಚಪ್ಪಲಿ ಕೊಡೋಕಾಗಲ್ವಾ ನಿಮಗೆ? ಯಾರ ಮಗಳು ನೀನು?”

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮಲ್ಲಿ ಬಾಗಿಲಿಗೆ ಬಂದವರು ಬೂಟು ಬಿಚ್ಚುತ್ತಾರೆ, ನಾವು ಚಪ್ಪಲಿ ಕೊಡುತ್ತೇವೆ. ಕೊಡದವಳನ್ನು ಬೀದಿಯೆಲ್ಲ ಆಡಿಕೊಳ್ಳುತ್ತದೆ. ಅಂದು ಮಧ್ಯಾಹ್ನವೇ ಮಾರುಕಟ್ಟೆಗೆ ಹೋಗಿ ಬಂದವರಿಗೆ ಕೊಡಲು ಹತ್ತು ಜೊತೆ ಬೆಚ್ಚನೆಯ ಉಣ್ಣೆ ಚಪ್ಪಲಿ ತಂದೆ. ಮರುದಿನದಿಂದ ಟೀ ಮಾಡಿಸಿದೆ, ತಟ್ಟೆಯಲ್ಲಿ ಗಸಗಸೆಯ ರೋಲು ಕತ್ತರಿಸಿಟ್ಟೆ. ಹೆಂಗಸರು ಸಾಲುಗಟ್ಟಿ ಬಂದರು. ತಲೆ ಬಾಚಿಕೊಂಡು, ಭಾನುವಾರದ ಬಟ್ಟೆ ಹಾಕಿಕೊಂಡು, ಕೆಲವರು ಕೈಯಲ್ಲಿ ಹೂವು ಹಿಡಿದು ಬಂದರು. ಎರಡೇ ತಿಂಗಳಲ್ಲಿ ಕೆಲಸ ಮುಗಿಯಿತು, ಬ್ಲಾಜೇಯ್ ನನ್ನ ಬೆನ್ನು ತಟ್ಟಿದ.

ಬಂದವರು ಹೇಗೆ ಬಂದರು ಎಂಬುದನ್ನು ನಾನು ಆಗ ಯೋಚಿಸಲಿಲ್ಲ. ಅವರು ಅತಿಥಿಗಳಾಗಿ ಬಂದಿದ್ದರು. ನಿಲ್ಲಿ ಎಂದರೆ ಬೆನ್ನು ಸೆಟೆದು ನಿಂತರು. ಕುಳಿತುಕೊಳ್ಳಿ ಎಂದರೆ ಕುರ್ಚಿಯ ತುದಿಯಲ್ಲಿ, ಮೊಣಕಾಲು ಜೋಡಿಸಿ ಕುಳಿತರು. ಕೆಟಲ್ ಎತ್ತಿ ತೋರಿಸಿ ಎಂದರೆ ಮೂರೇ ಬೆರಳಲ್ಲಿ ನಾಜೂಕಾಗಿ ಎತ್ತಿದರು. ಮನೆಯಲ್ಲಿ ಯಾರು ಹಾಗೆ ಕೆಟಲ್ ಎತ್ತುತ್ತಾರೆ? ನಾನು ಮಾತ್ರ ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಂಡೆ.

ಕೂಡಿಸಿ ಭಾಗಿಸಿದಾಗ ಒಬ್ಬಳು ಸಿಕ್ಕಳು. ಎತ್ತರ ನೂರ ಅರವತ್ತನಾಲ್ಕು ಸೆಂಟಿಮೀಟರ್, ಮೊಣಕೈ ನೆಲದಿಂದ ನೂರ ಎರಡು. ಬಡಗಿ ಅವಳನ್ನು ಪ್ಲೈವುಡ್ಡಿನಲ್ಲಿ ಕೊರೆದು, ಕೀಲು ಕೂರಿಸಿ ನಿಲ್ಲಿಸಿದ. ಬ್ಲಾಜೇಯ್ ತಲೆಗೊಂದು ಚೌಕದ ಬಟ್ಟೆ ಕಟ್ಟಿ, “ಇವತ್ತಿಂದ ಇವರು ಸರಾಸರಿಯಮ್ಮ, ಎಲ್ಲರೂ ನಮಸ್ಕಾರ ಮಾಡಿ” ಎಂದ. ಯಾರದಾದರೂ ಹೆಸರಿನ ಹಬ್ಬ ಬಂದರೆ ಅವಳ ಮುಂದೂ ಒಂದು ಚೂರು ಕೇಕು ಇಡುತ್ತಿದ್ದೆವು. ನಮ್ಮ ಕ್ಯಾಲೆಂಡರಿನಲ್ಲಿ ಎಲ್ಲರ ಹೆಸರಿಗೂ ಒಂದು ದಿನವಿದೆ, ಅವಳಿಗೆ ಮಾತ್ರ ಇರಲಿಲ್ಲ. ಪಾಪ ಎನ್ನಿಸುತ್ತಿತ್ತು.

ಮೇ ತಿಂಗಳಲ್ಲಿ ಪಟ್ಟಿ ಅಚ್ಚಿಗೆ ಹೋಯಿತು. ನಾನು ಚಪ್ಪಲಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ. ಒಂದನ್ನು ತಿರುಗಿಸಿ ನೋಡಿದೆ. ಅಡಿಯಲ್ಲಿ ಕಾರ್ಕಿನ ದಪ್ಪ ಅಟ್ಟೆ. ಅಳತೆಪಟ್ಟಿ ಜೇಬಿನಲ್ಲೇ ಇತ್ತು, ಇಟ್ಟು ನೋಡಿದೆ. ಸರಿಯಾಗಿ ನಾಲ್ಕು ಸೆಂಟಿಮೀಟರ್. ಸಾವಿರದ ನೂರ ನಲವತ್ತು ಹೆಂಗಸರನ್ನೂ ನಾನು ಆ ಅಟ್ಟೆಯ ಮೇಲೆ ನಿಲ್ಲಿಸಿ ಅಳೆದಿದ್ದೆ. ನಾವು ಮಾಡಿದ ಹೆಂಗಸು ಈ ನೆಲದ ಮೇಲೆ ಹುಟ್ಟಿದವಳೇ ಅಲ್ಲ.

ಆಗಲೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಕಾರಣವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ಪಟ್ಟಿಯಂತೆ ಮೊದಲು ಕಟ್ಟುವ ಕಟ್ಟಡದಲ್ಲಿ ನನಗೊಂದು ಮನೆ ಮಂಜೂರಾಗಿತ್ತು. ಅಮ್ಮನ ಊರನ್ನು ಅಣೆಕಟ್ಟಿಗೆ ಕೊಟ್ಟಾಗಿತ್ತು; ಶರತ್ಕಾಲಕ್ಕೆ ನೀರು ಬಿಡುತ್ತಿದ್ದರು. ಪಟ್ಟಿ ತಪ್ಪೆಂದರೆ ಕಟ್ಟಡ ಎರಡು ವರ್ಷ ಮುಂದೆ ಹೋಗುತ್ತದೆ, ಅಲ್ಲಿಯವರೆಗೆ ಅಮ್ಮನನ್ನು ಎಲ್ಲಿಡಲಿ? ನಾಲ್ಕು ಸೆಂಟಿಮೀಟರ್ ತಾನೆ ಎಂದು ಬಾಯಿಗೆ ಬೀಗ ಹಾಕಿಕೊಂಡೆ. ಆ ಚಪ್ಪಲಿಗಳಲ್ಲಿ ಎರಡು ಜೊತೆಯನ್ನು ಹೊಸ ಮನೆಗೆಂದು ಚೀಲಕ್ಕೂ ಹಾಕಿಕೊಂಡೆ.

ಅಕ್ಟೋಬರಿನಲ್ಲಿ ಅಮ್ಮ ಬಂದಳು. ನನ್ನ ಅಮ್ಮ ಹೆರ್ಮೀನಾ ನೂರ ಐವತ್ತು ಸೆಂಟಿಮೀಟರಿನ ಹೆಂಗಸು, ದನಿ ಮಾತ್ರ ಎರಡು ಮೀಟರಿನದು. ಅಡುಗೆಮನೆಗೆ ಕಾಲಿಟ್ಟವಳೇ ಕಟ್ಟೆಯ ಮುಂದೆ ನಿಂತಳು. ಕಟ್ಟೆ ಅವಳ ಎದೆಗೆ ಬಂತು.

“ಇದೇನೇ ಇದು? ಅಡುಗೆ ಮಾಡೋ ಜಾಗವೋ, ಪಾದ್ರಿ ನಿಂತು ಪ್ರಸಂಗ ಮಾಡೋ ಜಾಗವೋ?”

“ಅಭ್ಯಾಸ ಆಗುತ್ತಮ್ಮ.”

“ಯಾರನ್ನ ನೋಡ್ಕೊಂಡು ಮಾಡಿದ್ರಂತೆ ಇದನ್ನ? ಒಂಟೇನಾ?” ಎಂದು ನಕ್ಕಳು. “ನೀನೇ ಅಳತೆ ತಗೊಂಡಿದ್ದು ಅಂದ್ಯಲ್ಲ. ನಿಮ್ಮಮ್ಮನ್ನ ಒಂದು ಸಲ ಕರೆದು ಅಳೆಯೋಕೆ ಏನಾಗಿತ್ತು ನಿಂಗೆ?”

ಮೊದಲ ತಿಂಗಳು ಅವಳು ದಿನಕ್ಕೆ ಹತ್ತು ಸಲ ಬೈದಳು. ನಲ್ಲಿಯನ್ನು ಬೈದಳು, ಕುರ್ಚಿಯನ್ನು ಬೈದಳು, ತನ್ನ ಹಣೆಯನ್ನಷ್ಟೇ ತೋರಿಸುವ ಕನ್ನಡಿಯನ್ನು ಬೈದಳು. ಆಲೂಗಡ್ಡೆ ತುರಿಯಲು ನೆಲದ ಮೇಲೆ ಕೂತು, ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವಳ ಬೈಗುಳ ಕೇಳಿ ನನಗೆ ಸಂಕಟವಾಗುತ್ತಿತ್ತು, ಆದರೆ ಮನೆ ಮನೆಯಾಗಿತ್ತು. ನನಗಂತೂ ಅಲ್ಲಿ ಎಲ್ಲವೂ ಕೈಗೆಟುಕುತ್ತಿತ್ತು. ಆ ಚಪ್ಪಲಿ ಮೆಟ್ಟಿಕೊಂಡು ನಿಂತರೆ ಕಟ್ಟೆ, ನಲ್ಲಿ, ಕಪಾಟು ಎಲ್ಲವೂ ಹೇಳಿ ಮಾಡಿಸಿದ ಹಾಗಿದ್ದವು. ಸೊಂಟ ನೋಯದೆ, ಕೈ ಚಾಚದೆ ಒಂದು ಗಂಟೆಯ ಕೆಲಸ ಅರ್ಧ ಗಂಟೆಗೆ ಮುಗಿಯುತ್ತಿತ್ತು.

ಡಿಸೆಂಬರಿನಲ್ಲಿ ಬೈಗುಳ ನಿಂತಿತು. ಅಭ್ಯಾಸವಾಯಿತು ಎಂದುಕೊಂಡು ನಾನು ಸಮಾಧಾನಪಟ್ಟೆ. ಎಂಥ ಮೂಢೆ ನಾನು! ಅವಳು ಬೈಯದೆ ಇರಲು ಶುರುಮಾಡಿದ ದಿನವೇ ನಾನು ಹೆದರಬೇಕಿತ್ತು.

ಒಂದು ಸಂಜೆ ನಾನು ಬಂದಾಗ ಅಮ್ಮ ಅಡುಗೆಮನೆಯ ಕುರ್ಚಿಯ ತುದಿಯಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಕಾಲಿನಲ್ಲಿ ಅವಳ ಹಳೆಯ ಚಪ್ಪಲಿ ಇರಲಿಲ್ಲ, ಬಂದವರಿಗೆಂದು ಬಾಗಿಲ ಬಳಿ ಇಟ್ಟಿದ್ದ ಉಣ್ಣೆ ಚಪ್ಪಲಿ ಇತ್ತು. ನನ್ನನ್ನು ಕಂಡು ಎದ್ದು ನಿಂತಳು.

“ಒಂದು ಲೋಟ ನೀರು ಕುಡೀಬಹುದಾ?” ಎಂದಳು.

ನಾನು ನಕ್ಕುಬಿಟ್ಟೆ. “ಕುಡಿಯಮ್ಮ, ಯಾರು ಬೇಡ ಅಂದ್ರು?”

“ಹಾಗಲ್ಲ. ಕೇಳದೆ ಮುಟ್ಟಬಾರದು ನೋಡು.”

“ಯಾರನ್ನ ಕೇಳಬೇಕು?”

“ಮನೆಯವರನ್ನ.”

ಮತ್ತೆ ಕೇಳಿದರೆ ಮಾತು ಬದಲಿಸಿದಳು. ಆ ವಾರ ಅಂಗಡಿಯಿಂದ ಬರುವಾಗ ಮೂರು ಕೆಂಪು ಹೂವು ತಂದು ಮೇಜಿನ ಮೇಲಿಟ್ಟಳು. ಬರಿಗೈಲಿ ಬರೋದು ಚೆನ್ನಾಗಿರಲ್ಲ ಎಂದಳು. ತಾನು ಕುಡಿದ ಲೋಟವನ್ನು ತೊಳೆದು, ಒರೆಸಿ, ಎಲ್ಲಿತ್ತೋ ಅಲ್ಲೇ ಇಡಲು ಕಾಲ್ತುದಿಯಲ್ಲಿ ನಿಂತು ಒದ್ದಾಡುತ್ತಿದ್ದಳು. ತನ್ನ ಹಾಸಿಗೆಯ ಹೊದಿಕೆಯನ್ನು ಬೆಳಗಾಗುವ ಮೊದಲೇ ಮಡಚಿ, ಯಾರೂ ಮಲಗಿಯೇ ಇರಲಿಲ್ಲ ಎನ್ನುವಂತೆ ಮಾಡಿಬಿಡುತ್ತಿದ್ದಳು. ಡಾಕ್ಟರಿಗೆ ತೋರಿಸಿದೆ. ಅವರು ವಾರ, ತಾರೀಕು, ಮೊಮ್ಮಕ್ಕಳ ಸಂಖ್ಯೆ ಎಲ್ಲ ಕೇಳಿದರು. ಅಮ್ಮ ಎಲ್ಲಕ್ಕೂ ಸರಿಯಾಗಿ ಉತ್ತರಿಸಿ, ಮೊಮ್ಮಕ್ಕಳಿಲ್ಲ, ಮಗಳು ಮದುವೆಯೇ ಆಗಲಿಲ್ಲ ಅಂತ ದೂರನ್ನೂ ಹೇಳಿದಳು. ತಲೆಯಲ್ಲಿ ಏನೂ ದೋಷವಿಲ್ಲ ಎಂದು ಕಳಿಸಿದರು.

ದೋಷ ತಲೆಯಲ್ಲಿಲ್ಲವಾದರೆ ಎಲ್ಲಿದೆ ಎಂದು ನಾನು ಮನೆಯನ್ನು ನೋಡತೊಡಗಿದೆ. ಒಮ್ಮೆ ಕೆಲಸದಿಂದ ಬೇಗ ಬಂದೆ. ಅಮ್ಮ ಕೆಳಗೆ ಕಟ್ಟಡದ ಮುಂದಿನ ಬೆಂಚಿನ ಮೇಲೆ ಕೂತಿದ್ದಳು, ಮನೆಯಲ್ಲಿ ಯಾರೂ ಇರಲಿಲ್ಲ. ಬಚ್ಚಲಿನ ಕನ್ನಡಿಯ ಮೇಲೆ ಹಬೆ ಕೂತಿತ್ತು. ಹಬೆಯ ನಡುವೆ ಅಂಗೈಯಗಲ ಒರೆಸಿದ ಜಾಗ, ಅಮ್ಮನ ಕಣ್ಣಿಗೆ ನಿಲುಕದಷ್ಟು ಮೇಲೆ. ನಾನು ಹತ್ತಿರ ಹೋಗಿ ನಿಂತೆ. ಒರೆಸಿದ ಜಾಗ ಸರಿಯಾಗಿ ನನ್ನ ಕಣ್ಣಿನ ಮಟ್ಟಕ್ಕೆ ಬಂತು. ಮೇಲಿನ ಕಪಾಟಿನಲ್ಲಿ ಬಟ್ಟಲುಗಳು ಸಾಲಾಗಿ, ಎಲ್ಲದರ ಹಿಡಿಯೂ ಬಲಕ್ಕೆ ತಿರುಗಿ, ನಮ್ಮ ಸಂಸ್ಥೆಯ ಪುಸ್ತಕದ ಚಿತ್ರದಲ್ಲಿದ್ದ ಹಾಗೇ ಇದ್ದವು. ನಾನು ಹಾಗೆ ಜೋಡಿಸಿದ ನೆನಪು ನನಗಿರಲಿಲ್ಲ. ಕೆಟಲ್ ಮುಟ್ಟಿದೆ, ಬೆಚ್ಚಗಿತ್ತು.

ಕೆಳಗೆ ಓಡಿದೆ. ಬೆಂಚಿನ ಮೇಲೆ ಅಮ್ಮ ಒಬ್ಬಳೇ ಇರಲಿಲ್ಲ. ಏಳು ಜನ ಹೆಂಗಸರು, ಎಲ್ಲರೂ ಕೋಟು ತೊಟ್ಟು, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು, ಬಸ್ಸಿಗೆ ಕಾದವರಂತೆ ಕೂತಿದ್ದರು. ಅಲ್ಲಿ ಯಾವ ಬಸ್ಸೂ ನಿಲ್ಲುವುದಿಲ್ಲ. ಎರಡನೇ ಮಹಡಿಯ ಗಿಜೆಲಾ ನನ್ನ ಸಹೋದ್ಯೋಗಿಯ ಹೆಂಡತಿ, ದಿನವಿಡೀ ಮೆಟ್ಟಿಲ ಮೇಲೆ ನಿಂತು ಕಿರುಚಾಡುತ್ತಿದ್ದ ಗಟ್ಟಿಗಿತ್ತಿ. ಅವಳೂ ಅಲ್ಲಿದ್ದಳು.

“ಏನೇ ಗಿಜೆಲಾ, ಈ ಚಳಿಯಲ್ಲಿ ಎಲ್ಲಿಗೆ ಹೊರಟೆ?”

“ಎಲ್ಲಿಗೂ ಇಲ್ಲ ಕಣೇ.” ದನಿ ತಗ್ಗಿಸಿದಳು. “ಒಳಗೆ ಕೂತ್ರೆ, ಸಾಕು, ತುಂಬಾ ಹೊತ್ತಾಯ್ತು, ಇನ್ನು ಹೊರಡಬೇಕು ಅನ್ಸುತ್ತೆ. ಯಾರೂ ಹೋಗು ಅನ್ನಲ್ಲ. ಆದ್ರೂ ಮರ್ಯಾದೆ ಅಂತ ಒಂದಿರುತ್ತಲ್ಲ?”

“ನಿನ್ನ ಮನೆಯೇ ಅಲ್ವೇನೇ ಅದು?”

“ಅದೇ ನೋಡು,” ಎಂದು ಮೇಲೆ ತನ್ನ ಕಿಟಕಿಯತ್ತ ನೋಡಿದಳು. “ಮನೆಗೆ ಹೋಗಬೇಕು ಅನ್ಸೋದು ಮನೇಲಿ ಕೂತಾಗಲೇ.”

ಪಕ್ಕದವಳು ತಲೆಯಾಡಿಸಿದಳು. ಅಮ್ಮ ನನ್ನ ಕಡೆ ನೋಡಲೇ ಇಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಉಳಿದವರಿಗೆ ಹೊರಟು ಹೋಗಲು ತವರೋ, ಅಕ್ಕನ ಮನೆಯೋ ಇತ್ತು. ನನ್ನ ಅಮ್ಮನಿಗೆ ಇದ್ದ ಒಂದೇ ಮನೆಯ ಮೇಲೆ ಇಪ್ಪತ್ತು ಮೀಟರ್ ನೀರು ನಿಂತಿತ್ತು. ಅವಳು ಮನೆಗೆ ಹೊರಟರೆ ಎಲ್ಲಿಗೆ ಹೋಗುತ್ತಾಳೆ?

ಮರುದಿನ ಬೆಳಿಗ್ಗೆಯೇ ಬ್ಲಾಜೇಯ್ ಕೋಣೆಗೆ ಹೋದೆ. ಇನ್ನೂ ಎರಡು ಸಾವಿರ ಮನೆಗಳ ಕೆಲಸ ಮಾರ್ಚಿಗೆ ಶುರುವಾಗುವುದಿತ್ತು. ಹೇಳಿದೆ. ಕಲ್ಲಿನ ನೆಲ, ಬ್ರೆಡ್ ಅಂಗಡಿಯವಳು, ಚಪ್ಪಲಿ, ನಾಲ್ಕು ಸೆಂಟಿಮೀಟರ್, ಎಲ್ಲ ಹೇಳಿದೆ. ಅಮ್ಮನ ಸಂಗತಿಯನ್ನೂ ಹೇಳಿದೆ. ಅವನು ತಮಾಷೆ ಮಾಡುತ್ತಾನೆ, ಆಮೇಲೆ ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಎದ್ದು ಬಾಗಿಲು ಮುಚ್ಚಿದ.

“ಮೆಲ್ಲಗೆ ಮಾತಾಡು,” ಎಂದ.

“ಪಟ್ಟಿ ವಾಪಸ್ ತರಿಸೋಣ. ಬೇಕಾದ್ರೆ ನನ್ನನ್ನ ಕೆಲಸದಿಂದ ತೆಗೀರಿ.”

“ಕಾರ್ಖಾನೆಗಳಲ್ಲಿ ಅಚ್ಚು ಎರಕ ಹೊಯ್ದಾಗಿದೆ. ನಲ್ಲಿ, ಕುರ್ಚಿ, ಹಿಡಿ, ಲಕ್ಷಗಟ್ಟಲೆ ಹೊರಗೆ ಬಿದ್ದಿವೆ. ಈಗ ಆ ಅಳತೆಯವರು ಯಾರೂ ಇಲ್ಲ ಅಂದ್ರೆ?” ಅವನು ಕುರ್ಚಿಯ ತುದಿಯಲ್ಲಿ ಕೂತಿದ್ದನ್ನು ನಾನು ಆಗ ಗಮನಿಸಿದೆ. ಅವನದೇ ಕೋಣೆ, ಅವನದೇ ಕುರ್ಚಿ. “ಅದೂ ಅಲ್ಲದೆ, ಅವರಿಗೆ ಏನಂತ ಹೇಳೋದು?”

“ಯಾರಿಗೆ?”

ಅವನು ಕಣ್ಣಲ್ಲೇ ಮೂಲೆ ತೋರಿಸಿದ. ಪ್ಲೈವುಡ್ಡಿನ ಸರಾಸರಿಯಮ್ಮ ಅಲ್ಲಿ ನಿಂತಿದ್ದಳು. ತಲೆಯ ಚೌಕ ಇರಲಿಲ್ಲ. ಅದನ್ನು ತಾನೇ ತೆಗೆದೆ, ತಮಾಷೆ ಮಾಡಿದ್ದು ಸರಿಯಾಗಲಿಲ್ಲ ಎಂದ. ಅವಳ ಮುಂದೆ ಒಂದು ಬಟ್ಟಲು ಕಾಫಿ ಹಬೆಯಾಡುತ್ತಿತ್ತು. ಅವತ್ತು ಯಾರ ಹೆಸರಿನ ಹಬ್ಬವೂ ಇರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಹಲಗೆಯ ತುಂಡಿಗೆ ಇಷ್ಟು ಹೆದರುವುದೇ? ಹೋಗಿ ಅದರ ಪಕ್ಕ ನಿಂತೆ. “ಇಲ್ಲಿ ನೋಡಿ, ಇದು ಮರ! ಇಂಥ ಹೆಂಗಸು ದೇಶದಲ್ಲಿ ಒಬ್ಬಳೂ ಇಲ್ಲ!” ಎಂದು ಅದರ ಭುಜದ ಮೇಲೆ ಬಡಿದೆ.

ಬ್ಲಾಜೇಯ್ ನನ್ನನ್ನು ನೋಡಿದ, ಅದನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ನಾನೂ ತಿರುಗಿ ನೋಡಿದೆ. ಅದರ ಭುಜ ನನ್ನ ಭುಜದ ಮಟ್ಟಕ್ಕಿತ್ತು. ಮೊಣಕೈಗೆ ಮೊಣಕೈ, ಮಣಿಕಟ್ಟಿಗೆ ಮಣಿಕಟ್ಟು ಸರಿಹೊಂದಿದವು. ಬರಿಗಾಲಲ್ಲಿ ನಾನು ನೂರ ಅರವತ್ತು. ಸಂಸ್ಥೆಯೊಳಗೂ ಮನೆಯೊಳಗೂ ನಾನು ಮೆಟ್ಟುತ್ತಿದ್ದುದು ಅದೇ ಅಟ್ಟೆಯ ಚಪ್ಪಲಿ. ಸಾವಿರದ ನೂರ ನಲವತ್ತು ಹೆಂಗಸರ ಅಳತೆ ಬರೆದ ನಾನು ನನ್ನದನ್ನು ಒಮ್ಮೆಯೂ ಬರೆದಿರಲಿಲ್ಲ.

ಬ್ಲಾಜೇಯ್ ಕುರ್ಚಿಯಿಂದ ಮೆಲ್ಲಗೆ ಎದ್ದು ನಿಂತ. ಕೋಟಿನ ಗುಂಡಿ ಹಾಕಿಕೊಂಡ.

“ಕ್ಷಮಿಸಿ,” ಎಂದ, “ನಿಮ್ಮನ್ನ ನಿಲ್ಲಿಸಿಯೇ ಮಾತಾಡಿಸ್ತಾ ಇದ್ದೆ.”

ಒಂಬತ್ತು ವರ್ಷದಲ್ಲಿ ಅವನು ನನಗೆ ಎಂದೂ ‘ನೀವು’ ಎಂದಿರಲಿಲ್ಲ. ಅವನ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಏ ಟೇಪು ಅನ್ನಿ ಎಂದು ಅಂಗಲಾಚಬೇಕೆನ್ನಿಸಿತು. ಅವನು ಬಾಗಿಲು ತೆಗೆದು, ನಾನು ಹೊರಗೆ ಹೋಗುವವರೆಗೂ ತಲೆ ತಗ್ಗಿಸಿ ನಿಂತಿದ್ದ.

ಕಾಲಲ್ಲಿದ್ದ ಚಪ್ಪಲಿಯಲ್ಲೇ ಮನೆಗೆ ಓಡಿದೆ. ಟ್ರಾಮಿನಲ್ಲಿ ಕೂತಷ್ಟು ಹೊತ್ತೂ ಅಮ್ಮ ಹೇಳಿದ ‘ಮನೆಯವರು’ ಯಾರೆಂಬುದು ತಲೆಯೊಳಗೆ ಸುತ್ತುತ್ತಿತ್ತು. ಆ ಸಂಜೆ ನೀರು ಕೇಳಿದ್ದು ಯಾರನ್ನು? ಹೂವು ತಂದದ್ದು ಯಾರಿಗೆ? ಬಾಗಿಲು ತೆಗೆದಾಗ ಎದ್ದು ನಿಂತದ್ದು ಯಾರಿಗೆ? ಎಲ್ಲೋ ಅವಿತಿರುವ ಹೆಂಗಸನ್ನು ನಾನು ಕನ್ನಡಿಯಲ್ಲಿ, ಕಪಾಟಿನಲ್ಲಿ ಹುಡುಕುತ್ತಿದ್ದೆ. ನನ್ನ ಅಮ್ಮ ಅವಳನ್ನು ದಿನಾ ಕಣ್ಣಾರೆ ಕಾಣುತ್ತಿದ್ದಳು.

ಅಮ್ಮ ಹೊರಟು ನಿಂತಿದ್ದಳು. ಕೋಟು, ತಲೆಗೆ ಚೌಕ, ಊರಿನಿಂದ ತಂದಿದ್ದ ಅದೇ ಬಟ್ಟೆಯ ಚೀಲ. ಅಡುಗೆಮನೆ ಫಳಫಳ ಹೊಳೆಯುತ್ತಿತ್ತು. ನನ್ನನ್ನು ನೋಡಿ ಮುಖವರಳಿಸಿದಳು. ಬೀದಿಯ ಕೊನೆಯ ಮನೆಯವರನ್ನು ಕಂಡಾಗ ನಗುವ ನಗು ಅದು.

“ಬಂದ್ರಾ? ನಿಮಗೆ ಹೇಳದೆ ಹೋಗೋದು ಹೇಗೆ ಅಂತ ಕಾಯ್ತಾ ಇದ್ದೆ. ತುಂಬಾ ಚೆನ್ನಾಗಿ ನೋಡ್ಕೊಂಡ್ರಿ. ಬಹಳ ದಿನ ಇದ್ದುಬಿಟ್ಟೆ, ಬೇಜಾರು ಮಾಡ್ಕೋಬೇಡಿ.”

“ಅಮ್ಮ, ಇದು ನಿನ್ನ ಮನೆ. ನಾನು ಒತಿಲಿಯಾ!”

“ಹೌದಾ? ನನ್ನ ಮಗಳ ಹೆಸರೂ ಅದೇ ನೋಡಿ.” ಚೀಲ ಎತ್ತಿಕೊಂಡಳು. “ಅವಳ ಹತ್ರಾನೇ ನಾನು ಹೊರಟಿದ್ದು. ಊರಲ್ಲಿ ಒಬ್ಬಳೇ ಇದ್ದಾಳೆ. ಏನು ತಿಂದಳೋ, ಒಲೆ ಹಚ್ಚಿದಳೋ ಇಲ್ವೋ. ಎಷ್ಟು ದೊಡ್ಡೋಳಾದ್ರೂ ಅವಳಿಗೆ ಒಲೆ ಹಚ್ಚೋಕೆ ಬರಲ್ಲ.”

ಆ ಮಾತು ನನ್ನನ್ನು ಇರಿಯಿತು. ಬಾಗಿಲಿಗೆ ಅಡ್ಡ ನಿಂತೆ, ತೋಳು ಹಿಡಿದೆ, ಗದರಿದೆ, ಬೇಡಿಕೊಂಡೆ. ಅವಳು ಮುಜುಗರಪಟ್ಟುಕೊಂಡು ಮೆಲ್ಲಗೆ ಕೈ ಬಿಡಿಸಿಕೊಂಡಳು. ಹೊರಟ ಅತಿಥಿಯನ್ನು ಇನ್ನೆಷ್ಟು ಹಿಡಿಯಲು ಸಾಧ್ಯ? ಚಪ್ಪಲಿ ಬದಲಿಸಿ ಬೂಟು ಹಾಕಿಕೊಂಡು ಅವಳ ಹಿಂದೆಯೇ ನಡೆದೆ. ಬೆಂಚಿನ ಮೇಲಿದ್ದ ಹೆಂಗಸರು ಅಮ್ಮನತ್ತ ಕೈ ಬೀಸಿದರು. ನನ್ನನ್ನು ಕಂಡ ಕೂಡಲೇ ಎದ್ದು ನಿಂತರು, ಗಿಜೆಲಾ ಕೂಡ.

ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತೆ. ಎರಡು ಗಂಟೆಯ ದಾರಿ. ನಮ್ಮೂರಿನ ಹೆಸರಿನ ನಿಲ್ದಾಣ ಈಗಲೂ ಇದೆ, ಊರಿಲ್ಲ ಅಷ್ಟೇ. ಅಮ್ಮ ದಾರಿಯುದ್ದಕ್ಕೂ ನನಗೆ ತನ್ನ ಮಗಳ ಕಥೆ ಹೇಳಿದಳು. ಅವಳಿಗೆ ನಾಯಿ ಕಂಡರೆ ಭಯ, ಹುಳಿ ಎಲೆಕೋಸಿನ ಸಾರೆಂದರೆ ಪ್ರಾಣ. ಪಟ್ಟಣದಲ್ಲಿ ಏನೋ ಅಳೆಯುವ ಕೆಲಸವಂತೆ, ಜನರಿಗೆ ಅನುಕೂಲ ಆಗುವಂಥದ್ದು. “ಬುದ್ಧಿವಂತೆ. ಆದ್ರೆ ಹಠಮಾರಿ. ತಪ್ಪು ಮಾಡಿದ್ರೆ ಹೇಳಲ್ಲ, ಒಳಗೇ ಇಟ್ಕೊಂಡು ಕೊರಗ್ತಾಳೆ. ಚಿಕ್ಕೋಳಿದ್ದಾಗಿಂದಾನೂ ಹಾಗೇ,” ಎಂದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ಇಳಿದದ್ದು ನಾವಿಬ್ಬರೇ. ಮೋಡ ಕವಿದ ಮಧ್ಯಾಹ್ನ. ಊರಿಗೆ ಇಳಿಯುತ್ತಿದ್ದ ಹಳೆಯ ಡಾಂಬರು ರಸ್ತೆ ಹಾಗೇ ಇದೆ; ಇಳಿಜಾರಿನಲ್ಲಿ ಇನ್ನೂರು ಹೆಜ್ಜೆ ಹೋಗಿ ನೀರಿನೊಳಗೆ ನುಗ್ಗುತ್ತದೆ. ಅಕ್ಕಪಕ್ಕದ ಸೇಬಿನ ಮರಗಳೂ ಸಾಲಾಗಿ ರಸ್ತೆಯ ಜೊತೆಯಲ್ಲೇ ನೀರಿಗಿಳಿದಿವೆ. ಅಂಚಿನಲ್ಲಿದ್ದ ಮಂಜುಗಡ್ಡೆ ಒಡೆದು, ನೀರು ರಸ್ತೆಯ ಮೇಲೆ ಮೆಲ್ಲಗೆ ಹತ್ತಿ ಇಳಿಯುತ್ತಿತ್ತು. ಅಲ್ಲಿಂದಾಚೆ ಬಿಳಿಯ ಮಬ್ಬು.

“ನೋಡಿ, ಹೊಗೆ ಬರ್ತಿದೆ,” ಎಂದು ಅಮ್ಮ ಮಬ್ಬಿನತ್ತ ಕೈ ತೋರಿದಳು. “ಒಲೆ ಹಚ್ಚಿಬಿಟ್ಟಿದ್ದಾಳೆ ನನ್ನ ಬಂಗಾರಿ! ನೀವು ಇಲ್ಲಿಂದ ವಾಪಸ್ ಹೋಗಿ. ಇಷ್ಟು ದೂರ ಬಂದಿದ್ದೇ ಹೆಚ್ಚಾಯ್ತು. ನಿಮ್ಮ ಮನೆ ಬೀಗ ಹಾಕಿದೆಯೋ ಇಲ್ವೋ.”

ಅವಳ ನಡಿಗೆ ಬದಲಾಗಿತ್ತು. ಹೊಸ ಮನೆಯಲ್ಲಿ ತಿಂಗಳುಗಟ್ಟಲೆ ಕಳ್ಳ ಹೆಜ್ಜೆ ಇಟ್ಟವಳು ಇಲ್ಲಿ ದಪದಪ ನಡೆಯುತ್ತಿದ್ದಳು. ನಾನು ಓಡಿ ಭುಜ ಹಿಡಿದು ನಿಲ್ಲಿಸಿದೆ. ಅವಳು ಕತ್ತೆತ್ತಿ ನನ್ನ ಮುಖ ನೋಡಿದಳು. ಮೊದಲ ಸಲ ಅವಳ ಕಣ್ಣಲ್ಲಿ ಹೆದರಿಕೆ ಕಂಡಿತು.

“ನಾನು ನಿಮ್ಮದೇನೂ ತಗೊಂಡು ಬಂದಿಲ್ಲ,” ಎಂದಳು. “ಬೇಕಾದ್ರೆ ಚೀಲ ನೋಡಿ.”

ನನ್ನ ಕೈ ತಾನಾಗಿ ಜಾರಿತು. ಅವಳು ತಿರುಗಿ ನಡೆದಳು. ನಾನು ಅವಳನ್ನು ದಾಟಿ ಮುಂದೆ ಓಡಿದೆ, ನೀರಿನ ಅಂಚಿನಲ್ಲಿ ಅಡ್ಡ ನಿಲ್ಲಬೇಕೆಂದು. ನಿಲ್ಲಲು ಆಗಲಿಲ್ಲ. ರಸ್ತೆಯ ಮಧ್ಯೆ ಕುಸಿದು ಕೂತೆ. ನೀರು ಬಂದು ಸ್ಕರ್ಟು ತೋಯಿಸಿತು. ಕ್ಷಮಿಸು ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆಯೇ ಮಾತು.

“ಅಮ್ಮಾ, ಹಸಿವಾಗ್ತಿದೆ.”

ಅವಳು ನಿಂತಳು. ನಾನು ಕೂತಲ್ಲಿಂದ ಅವಳ ಮುಖವನ್ನು ಕೆಳಗಿನಿಂದ ನೋಡಿದೆ. ಹಾಗೆ ನೋಡಿ ಮೂವತ್ತು ವರ್ಷವಾಗಿತ್ತು. ಅವಳ ಗಲ್ಲದ ಅಡಿಯ ಮಚ್ಚೆ ನನಗೆ ಮರೆತೇ ಹೋಗಿತ್ತು. ಅವಳು ಹುಬ್ಬು ಗಂಟಿಕ್ಕಿ, ಬಗ್ಗಿ, ನನ್ನನ್ನು ದಿಟ್ಟಿಸಿದಳು.

“ಒತಿಲ್ಕಾ?”

ಚಿಕ್ಕವಳಿದ್ದಾಗ ಅವಳು ನನ್ನನ್ನು ಕರೆಯುತ್ತಿದ್ದ ಮುದ್ದಿನ ಹೆಸರು ಅದು.

“ಒತಿಲ್ಕಾ, ನಿಂಗೇನು ಬುದ್ಧಿ ಕೆಟ್ಟಿದ್ಯಾ? ನೀರಲ್ಲಿ ಕೂತಿದ್ದೀಯಲ್ಲೇ! ಎಲ್ಲಿ ಹೋಗಿದ್ದೆ ಇಷ್ಟು ದಿನ? ಆ ಮನೇಲಿ ನಾನು ನಿನ್ನ ದಾರಿ ನೋಡಿ ನೋಡಿ ಸಾಕಾಯ್ತು. ಆ ಯಮ್ಮ ಒಳ್ಳೇಯೋಳೇ, ಆದ್ರೂ ಪರರ ಮನೆ ಪರರ ಮನೇನೇ ಕಣೇ.” ಚೀಲವನ್ನು ರಸ್ತೆಯ ಮೇಲಿಟ್ಟು ಸುತ್ತಲೂ ನೋಡಿದಳು. “ನಮ್ಮೂರೆಲ್ಲೇ? ಏನು ಮಾಡಿದ್ರೇ ಊರನ್ನ?”

“ಹೇಳ್ತೀನಮ್ಮ. ಎಲ್ಲಾ ಹೇಳ್ತೀನಿ.”

“ಮೊದಲು ಏಳು. ಶೀತ ಹಿಡಿಯುತ್ತೆ.” ಕೈ ಚಾಚಿದಳು. ಗಿಡ್ಡ, ಒರಟು, ಬಿಸಿಯಾದ ಕೈ. ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. “ಏಳೇ ಅಂದ್ರೆ! ಕೇಳಿಸ್ತಾ ಇಲ್ವಾ?”

ನೀರು ಸೊಂಟದವರೆಗೆ ಕೊರೆಯುತ್ತಿತ್ತು. ಅವಳು ಎಳೆದಳು, ಬೈದಳು, ಮತ್ತೆ ಎಳೆದಳು. ನನಗೆ ಏಳುವ ಧೈರ್ಯ ಬರಲಿಲ್ಲ. ಎದ್ದು ನಿಂತರೆ ನಾನು ಅವಳಿಗಿಂತ ಹತ್ತು ಸೆಂಟಿಮೀಟರ್ ಎತ್ತರ.